ಮಗು ಊಟ ಮಾಡ್ತಿಲ್ಲ: ಒಂದು ಹಳೇ ಪ್ರಯೋಗದ ಕಥೆ

"ನಮ್ಮ ಮಗು ಏನೂ ತಿನ್ನಲ್ಲ ಕಣ್ರೀ" ಎನ್ನುವ ಮಾತಿಗೆ ಎಷ್ಟು ವಯಸ್ಸಾಗಿರಬಹುದು? ಕನ್ನಡದಲ್ಲಂತೂ ನಾನೂರೈವತ್ತು ವರ್ಷಕ್ಕೆ ಕಡಿಮೆಯಿಲ್ಲ. ಪುರಂದರದಾಸರ ‘ಗುಮ್ಮನ ಕರೆಯದಿರೆ’ ಪದವನ್ನು ನೆನಪು ಮಾಡಿಕೊಳ್ಳಿ. ಅದರಲ್ಲಿ ಪುಟ್ಟ ಕೃಷ್ಣ ಅಮ್ಮನಿಗೆ ಕೊಡುವ ಆಶ್ವಾಸನೆಗಳ ಪಟ್ಟಿಯಲ್ಲಿ ಊಟವೂ ಇದೆ. ಗುಮ್ಮನೊಬ್ಬನನ್ನು ಕರೆಯಬೇಡ, ಬೇಕಾದರೆ ಉಣ್ಣುತ್ತೇನೆ ಅಂತ. ಅಂದರೆ ಹದಿನಾರನೇ ಶತಮಾನದ ಕನ್ನಡ ತಾಯಂದಿರೂ ಕೈಯಲ್ಲಿ ತುತ್ತು ಹಿಡಿದುಕೊಂಡು, ಬಾಯಿ ಬಿಡದ ಮಗುವಿನ ಮುಂದೆ ಕೂತು ಸುಸ್ತಾಗುತ್ತಿದ್ದರು. ಕೊನೆಗೆ ಗುಮ್ಮನನ್ನು ಕರೆಯುತ್ತಿದ್ದರು. ಆಮೇಲೆ ಗುಮ್ಮನ ಜಾಗಕ್ಕೆ ಪೋಲೀಸು ಬಂದ, ಇಂಜೆಕ್ಷನ್ ಕೊಡುವ ಡಾಕ್ಟರು ಬಂದರು, ಈಗ ಮೊಬೈಲು ಬಂದಿದೆ. ಮೊಬೈಲು ಹೆದರಿಸುವುದಿಲ್ಲ, ಮಗುವಿಗೆ ತಾನು ತಿನ್ನುತ್ತಿದ್ದೇನೆ ಅನ್ನುವುದನ್ನೇ ಮರೆಸಿಬಿಡುತ್ತದೆ. ಗುಮ್ಮನೇ ವಾಸಿ ಅಂತ ನನಗೆ ಒಂದೊಂದು ಸಲ ಅನಿಸುವುದುಂಟು.

ಇರಲಿ. ನಾನು ಹೇಳಹೊರಟಿದ್ದು ಗುಮ್ಮನ ಚರಿತ್ರೆಯಲ್ಲ. ಊಟ ಮಾಡದ ಮಗು ಅಡುಗೆಮನೆಯ ತಾಪತ್ರಯವಾಗಿದ್ದದ್ದು ಒಂದು ಕಾಲದಲ್ಲಿ, ಒಂದು ದೇಶದಲ್ಲಿ ಡಾಕ್ಟರ ಮೇಜಿನ ಮೇಲಿನ ಕಾಯಿಲೆಯಾಗಿ ಬದಲಾಯಿತು. ಕಾಲ ಹತ್ತೊಂಬತ್ತನೇ ಶತಮಾನದ ಕೊನೆ, ದೇಶ ಅಮೆರಿಕ. ಇವತ್ತು ಬೆಂಗಳೂರಿನ ಮಕ್ಕಳ ಡಾಕ್ಟರು ನಮಗೆ ಹೇಳುವ ಬುದ್ಧಿಮಾತಿನ ಬೇರು ಹುಡುಕಿಕೊಂಡು ಹೋದರೆ ಅಲ್ಲಿಗೇ ತಲುಪುತ್ತೇವೆ. (ನಮ್ಮ ಮನೆಯಲ್ಲೂ ಮೂರು ವರ್ಷದ ಒಬ್ಬ ಮಹಾನುಭಾವ ಇದ್ದಾನೆ. ಹಾಗಾಗಿ ಈ ಓದು ಬರೀ ಕುತೂಹಲಕ್ಕೆ ಮಾಡಿದ್ದಲ್ಲ.)

1894ರಲ್ಲಿ ನ್ಯೂಯಾರ್ಕಿನ ಬೇಬೀಸ್ ಹಾಸ್ಪಿಟಲ್‌ನ ಲೂಥರ್ ಎಮ್ಮೆಟ್ ಹೋಲ್ಟ್ ಎಂಬ ಡಾಕ್ಟರು ‘ದಿ ಕೇರ್ ಅಂಡ್ ಫೀಡಿಂಗ್ ಆಫ್ ಚಿಲ್ಡ್ರನ್’ ಅಂತ ಒಂದು ಪುಟ್ಟ ಪುಸ್ತಕ ತಂದರು. ಮೊದಲು ಬರೆದದ್ದು ದಾದಿಯರ ತರಬೇತಿಗೆ. ಆದರೆ ತಾಯಂದಿರು ಮುಗಿಬಿದ್ದು ಕೊಂಡರು, ಮುದ್ರಣದ ಮೇಲೆ ಮುದ್ರಣವಾಯಿತು. ಪುಸ್ತಕವಿಡೀ ಪ್ರಶ್ನೋತ್ತರ ರೂಪದಲ್ಲಿದೆ. ಮಗುವಿಗೆ ಎಷ್ಟು ಗಂಟೆಗೆ ಹಾಲು? ಇಂತಿಷ್ಟು ಗಂಟೆಗೆ. ಎಷ್ಟು ಔನ್ಸ್? ಇಂತಿಷ್ಟು. ನಮ್ಮ ಪಂಚಾಂಗದಲ್ಲಿ ರಾಹುಕಾಲ ನೋಡಿದಂತೆ ಗಡಿಯಾರ ನೋಡಿ ಮಗುವಿಗೆ ಉಣಿಸುವ ಪದ್ಧತಿ. 1914ರಿಂದ ಅಮೆರಿಕ ಸರ್ಕಾರದ ಮಕ್ಕಳ ಇಲಾಖೆಯೂ ‘ಇನ್‌ಫೆಂಟ್ ಕೇರ್’ ಎನ್ನುವ ಕಿರುಹೊತ್ತಗೆಯನ್ನು ಮನೆಮನೆಗೆ ಹಂಚಲು ಶುರುಮಾಡಿತು. ಅದರಲ್ಲೂ ಹೆಚ್ಚುಕಡಿಮೆ ಇದೇ ಶಿಸ್ತು.

ಹೋಲ್ಟರ ಪುಸ್ತಕದಲ್ಲಿ ನನಗೆ ತುಂಬಾ ಸ್ವಾರಸ್ಯ ಅನಿಸಿದ್ದು ನಿಷೇಧದ ಪಟ್ಟಿ. ಚಿಕ್ಕ ಮಕ್ಕಳಿಗೆ ಏನೇನು ಕೊಡಕೂಡದು? ಎಲೆಕೋಸು ಕೂಡದು. ಟೊಮೇಟೊ ಕೂಡದು, ಬೇಯಿಸಿದ್ದೂ ಕೂಡದು. ಬೀಟ್‌ರೂಟ್, ಸೌತೇಕಾಯಿ, ಬದನೆಕಾಯಿ, ಮೂಲಂಗಿ, ಲೆಟಿಸ್ ಸೊಪ್ಪು ಯಾವುದೂ ಕೂಡದು. ಪ್ರಾಣಿಗಳ ಲಿವರ್, ಕಿಡ್ನಿ ಕೂಡದು. ಒಣಹಣ್ಣು ಕೂಡದು. ಬಾಳೆಹಣ್ಣು ಕೂಡದು! ಆರು ತಿಂಗಳಿಗೇ ಕೂಸಿನ ಬಾಯಿಗೆ ಪುಟ್ಟಬಾಳೆ ಕಿವುಚಿ ಇಡುವ ನಮ್ಮ ಕಡೆಯ ಅಜ್ಜಿಯರು ಈ ಪಟ್ಟಿ ನೋಡಿದ್ದರೆ ಹೋಲ್ಟರಿಗೇ ದೃಷ್ಟಿ ತೆಗೆಯುತ್ತಿದ್ದರು.

ಆದರೆ ಹೋಲ್ಟರನ್ನು ನೋಡಿ ನಗುವುದು ಸುಲಭ, ನ್ಯಾಯವಲ್ಲ. ಅವರ ಕಾಲದ ನ್ಯೂಯಾರ್ಕಿನಲ್ಲಿ ಬೇಸಿಗೆ ಬಂತೆಂದರೆ ಕೂಸುಗಳು ವಾಂತಿಭೇದಿಯಿಂದ ಸಾಲುಸಾಲಾಗಿ ಸಾಯುತ್ತಿದ್ದವು. ಹಾಲು ಕೊಳಕು, ನೀರು ಕೊಳಕು, ಫ್ರಿಜ್ ಇಲ್ಲ, ಆಂಟಿಬಯಾಟಿಕ್ ಇಲ್ಲ. ದಿನಾ ಸಾವು ನೋಡುವ ಡಾಕ್ಟರಿಗೆ ಮಗುವಿನ ಹೊಟ್ಟೆಗೆ ಹೋಗುವ ಪ್ರತಿಯೊಂದು ತುತ್ತೂ ಅನುಮಾನಾಸ್ಪದವಾಗಿ ಕಂಡರೆ ಆಶ್ಚರ್ಯವೇನು? ಸಾದಾ, ಬೆಂದ, ಬೆಳ್ಳಗಿನ ಆಹಾರ ಕೊಡಿ, ಮಗು ಬದುಕಲಿ. ಅಷ್ಟೇ ಅವರ ಲೆಕ್ಕ. ವಿಟಮಿನ್ ಎನ್ನುವ ಶಬ್ದ ಹುಟ್ಟಿದ್ದೇ 1912ರಲ್ಲಿ.

ತೊಂದರೆ ಆಗಿದ್ದು ಆಮೇಲೆ. ಹಾಲು ಕಾಯಿಸಿ ಮಾರುವ ಪದ್ಧತಿ ಬಂತು, ಊರುಗಳಿಗೆ ಚೊಕ್ಕ ನೀರು ಬಂತು, ಆದರೆ ಪಟ್ಟಿ ಮಾತ್ರ ಹೋಗಲಿಲ್ಲ. ವಿಟಮಿನ್ನುಗಳ ಸುದ್ದಿ ಬಂದ ಮೇಲೆ ಪಟ್ಟಿ ಇನ್ನೂ ಉದ್ದವಾಯಿತು. ಈಗ ‘ಕೊಡಬೇಡಿ’ ಜತೆಗೆ ‘ಕೊಡಲೇಬೇಕು’ ಕೂಡ ಸೇರಿಕೊಂಡಿತು. ಇಷ್ಟು ತಿಂಗಳಿಗೆ ಇಷ್ಟು ಚಮಚ ಪಾಲಕ್, ಇಷ್ಟು ಮೊಟ್ಟೆ, ಇಷ್ಟು ಹಾಲು. ತಾಯಿ ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ಮನೆಗೆ ಹೋಗುವುದು, ಮಗು ಬಾಯಿ ಮುಚ್ಚಿಕೊಳ್ಳುವುದು, ತಾಯಿ ಮತ್ತೆ ಡಾಕ್ಟರ ಹತ್ತಿರ ಓಡುವುದು. 1920ರ ದಶಕದ ಹೊತ್ತಿಗೆ ಅಮೆರಿಕದ ಮಕ್ಕಳ ಡಾಕ್ಟರುಗಳಿಗೆ ಎಲ್ಲಕ್ಕಿಂತ ಹೆಚ್ಚು ಬರುತ್ತಿದ್ದ ದೂರುಗಳಲ್ಲಿ ಇದೂ ಒಂದು: ಮಗು ಊಟ ಮಾಡ್ತಿಲ್ಲ.

ಅದಕ್ಕೆ ಆಗಿನ ಮದ್ದೇನು ಗೊತ್ತೇ? ಹಟ. ಟೊರಾಂಟೊದ ಮಕ್ಕಳ ಆಸ್ಪತ್ರೆಯ ದೊಡ್ಡ ಡಾಕ್ಟರು ಅಲನ್ ಬ್ರೌನ್ ತಮ್ಮ ಜನಪ್ರಿಯ ಪುಸ್ತಕದಲ್ಲಿ ಕೊಟ್ಟ ಸಲಹೆ ಹೀಗಿತ್ತು: ಡಾಕ್ಟರು ಹೇಳಿದ ಊಟಕ್ಕೆ ಒಪ್ಪುವವರೆಗೂ ಮಗುವನ್ನು ಉಪವಾಸ ಕೆಡವಿ. (ಇದೇ ಬ್ರೌನ್ ಮುಂದೆ ತಮ್ಮ ಸಹೋದ್ಯೋಗಿಗಳ ಜತೆ ಸೇರಿ ‘ಪ್ಯಾಬ್ಲಮ್’ ಎಂಬ ಮಕ್ಕಳ ಸಿದ್ಧ ಆಹಾರ ಕಂಡುಹಿಡಿದು ಹೆಸರಾದವರು.) ಅತ್ತ ಮನೋವಿಜ್ಞಾನಿ ಜಾನ್ ವಾಟ್ಸನ್ 1928ರ ಪುಸ್ತಕದಲ್ಲಿ, ಮಕ್ಕಳನ್ನು ಮುದ್ದಿಸಬೇಡಿ, ಬೆಳಿಗ್ಗೆ ಎದ್ದಾಗ ಕೈಕುಲುಕಿ ಸಾಕು ಎಂದು ಬರೆದರು. ಪಾಪ, ಮಕ್ಕಳು!

ಆ ವರ್ಷದ ಡಿಸೆಂಬರಿನಲ್ಲಿ ‘ದಿ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಒಂದು ವ್ಯಂಗ್ಯಚಿತ್ರ ಬಂತು. ಕಾರ್ಲ್ ರೋಸ್ ಬಿಡಿಸಿದ್ದು, ಕೆಳಗಿನ ಮಾತು ಇ. ಬಿ. ವೈಟ್ ಬರೆದದ್ದು. ಅಮ್ಮ ಮಗಳಿಗೆ ಇದು ಬ್ರೊಕೊಲಿ ಕಣಮ್ಮಾ ಅಂತ ಪುಸಲಾಯಿಸುತ್ತಾಳೆ. ಬ್ರೊಕೊಲಿ ಆಗ ಅಮೆರಿಕದ ಪೇಟೆಗೆ ಹೊಸ ತರಕಾರಿ. ಮಗಳು ತಲೆ ಎತ್ತದೆ, ಇದು ಪಾಲಕ್ಕೇ, ಹಾಳಾಗಿ ಹೋಗಲಿ ಎನ್ನುವ ಅರ್ಥದಲ್ಲಿ ಬೈಯುತ್ತಾಳೆ. ಊರೆಲ್ಲ ನಕ್ಕಿತು. ಮರುವರ್ಷ ಪಪಾಯ್ ಎಂಬ ನಾವಿಕ ಕಾಮಿಕ್ಸ್ ಲೋಕಕ್ಕೆ ಕಾಲಿಟ್ಟ. ಮುಂದೆ ಅವನು ಪಾಲಕ್ ಡಬ್ಬಿ ನುಂಗಿ ತೋಳುಬಲ ಬೆಳೆಸಿಕೊಂಡದ್ದಕ್ಕೆ ಕೃತಜ್ಞತೆಯಾಗಿ, 1937ರಲ್ಲಿ ಟೆಕ್ಸಾಸಿನ ಕ್ರಿಸ್ಟಲ್ ಸಿಟಿ ಎಂಬ ಪಾಲಕ್ ಬೆಳೆಯುವ ಊರಿನವರು ಅವನಿಗೆ ಪ್ರತಿಮೆಯನ್ನೇ ನಿಲ್ಲಿಸಿದರು. ಒಂದು ಇಡೀ ದೇಶ ತನ್ನ ಮಕ್ಕಳಿಗೆ ಸೊಪ್ಪು ತಿನ್ನಿಸಲು ಎಷ್ಟು ಒದ್ದಾಡುತ್ತಿತ್ತು ನೋಡಿ.

ಈ ಗಲಾಟೆಯ ನಡುವೆ ಒಬ್ಬ ಹೆಂಗಸು ತಿರುಗಿ ಕೇಳಿದ ಪ್ರಶ್ನೆಯೇ ಈ ಕಥೆಯ ಜೀವಾಳ. ಆಕೆ ಕ್ಲಾರಾ ಡೇವಿಸ್, ಮಕ್ಕಳ ಡಾಕ್ಟರು. ಮಗು ಊಟ ಮಾಡದಿರಲು ಈ ಪಟ್ಟಿಗಳೇ ಕಾರಣವಿರಬಹುದೇ ಎಂಬ ಅನುಮಾನ ಆಕೆಗೆ. ಕಾಡಿನ ಪ್ರಾಣಿಗೆ ಯಾರೂ ಪಟ್ಟಿ ಬರೆದುಕೊಡುವುದಿಲ್ಲ, ಅದು ತನಗೆ ಬೇಕಾದ್ದನ್ನು ತಿಂದು ಚೆನ್ನಾಗಿಯೇ ಇರುತ್ತದೆ. ಹಾಗಾದರೆ ಮನುಷ್ಯರ ಕೂಸನ್ನು ಅದರ ಪಾಡಿಗೆ ಬಿಟ್ಟರೆ ಏನು ತಿಂದೀತು?

1926ರಲ್ಲಿ ಕ್ಲೀವ್‌ಲ್ಯಾಂಡಿನ ಮೌಂಟ್ ಸೈನಾಯ್ ಆಸ್ಪತ್ರೆಯಲ್ಲಿ ಮೂರು ಕೂಸುಗಳೊಂದಿಗೆ ಪ್ರಯೋಗ ಶುರುವಾಯಿತು. ಮೊದಲ ವರದಿ 1928ರಲ್ಲಿ ಬಂತು. ಆಮೇಲೆ ಷಿಕಾಗೋದಲ್ಲಿ ಮುಂದುವರಿದು, ಒಟ್ಟು 15 ಕೂಸುಗಳಾದವು. ಎಲ್ಲವೂ ಆರರಿಂದ ಹನ್ನೊಂದು ತಿಂಗಳಿನವು, ಅದುವರೆಗೆ ಹಾಲು ಬಿಟ್ಟರೆ ಬೇರೆ ರುಚಿ ಕಾಣದವು. ಅನಾಥ ಕೂಸುಗಳು ಕೆಲವು, ಸಾಕಲು ಗತಿಯಿಲ್ಲದ ತಾಯಂದಿರು ಕೊಟ್ಟವು ಕೆಲವು. ಹಲವು ಬಡಕಲಾಗಿದ್ದವು, ಐದಕ್ಕೆ ರಿಕೆಟ್ಸ್ ಇತ್ತು, ಅಂದರೆ ವಿಟಮಿನ್ ಡಿ ಸಾಲದೆ ಎಲುಬು ಮೆತ್ತಗಾಗುವ ಕಾಯಿಲೆ. ಆಸ್ಪತ್ರೆಯೇ ಅವುಗಳ ಮನೆ. ಕೆಲವು ಆರು ತಿಂಗಳಿದ್ದವು, ಇನ್ನು ಕೆಲವು ನಾಲ್ಕೂವರೆ ವರ್ಷದವರೆಗೂ ಇದ್ದವು. ಇಂಥ ಪ್ರಯೋಗಕ್ಕೆ ಇವತ್ತು ಯಾವ ಆಸ್ಪತ್ರೆಯ ನೈತಿಕ ಸಮಿತಿಯೂ ಒಪ್ಪಲಾರದು, ಒಪ್ಪಲೂಬಾರದು. ಆದರೆ ನಡೆದದ್ದು ನಡೆದಿದೆ, ಅದರಿಂದ ಕಲಿತದ್ದನ್ನು ನಾವು ಇವತ್ತಿಗೂ ಉಣ್ಣುತ್ತಿದ್ದೇವೆ.

ಒಟ್ಟು 34 ಬಗೆಯ ಆಹಾರ. ಹಾಲು, ಹುಳಿ ಹಾಲು, ನೀರು. ಸೇಬು, ಬಾಳೆಹಣ್ಣು, ಕಿತ್ತಳೆ ರಸ, ಅನಾನಸ್. ಟೊಮೇಟೊ, ಬೀಟ್‌ರೂಟ್, ಕ್ಯಾರೆಟ್, ಬಟಾಣಿ, ಹೂಕೋಸು, ಎಲೆಕೋಸು, ಪಾಲಕ್, ಆಲೂಗಡ್ಡೆ, ಲೆಟಿಸ್. ಓಟ್ಸ್, ಗೋಧಿ, ಬಾರ್ಲಿ, ಜೋಳದ ಹಿಟ್ಟು. ದನ, ಕುರಿ, ಕೋಳಿಯ ಮಾಂಸ, ಲಿವರ್, ಕಿಡ್ನಿ, ಮಿದುಳು, ಎಲುಬಿನೊಳಗಿನ ಮಜ್ಜೆ, ಮೀನು, ಮೊಟ್ಟೆ. ಎಲ್ಲ ಬಿಡಿಬಿಡಿ, ಯಾವುದನ್ನೂ ಯಾವುದರ ಜತೆಗೂ ಬೆರೆಸುವಂತಿಲ್ಲ. ಸಕ್ಕರೆ ಇಲ್ಲ, ಮಸಾಲೆ ಇಲ್ಲ, ಬ್ರೆಡ್ ಇಲ್ಲ. ಉಪ್ಪು ಕೂಡ ಬೇರೆಯದೇ ಬಟ್ಟಲಿನಲ್ಲಿ. ಅಷ್ಟನ್ನೂ ಒಂದೇ ಹೊತ್ತಿಗೆ ಇಡುವುದು ಸಾಧ್ಯವಿಲ್ಲವಾದ್ದರಿಂದ ದಿನದ ಊಟಗಳಿಗೆ ಹಂಚುತ್ತಿದ್ದರು. ಈಗ ಇನ್ನೊಮ್ಮೆ ಹೋಲ್ಟರ ಪಟ್ಟಿ ನೋಡಿ. ಅಲ್ಲಿ ಕೂಡದು ಅಂದಿದ್ದ ಎಲೆಕೋಸು, ಟೊಮೇಟೊ, ಬೀಟ್‌ರೂಟ್, ಲೆಟಿಸ್, ಲಿವರ್, ಕಿಡ್ನಿ, ಬಾಳೆಹಣ್ಣು ಎಲ್ಲವೂ ಇಲ್ಲಿ ಹಾಜರ್.

ಆಹಾರಕ್ಕಿಂತಲೂ ಮುಖ್ಯವಾದದ್ದು ದಾದಿಯರಿಗಿದ್ದ ನಿಯಮ. ತಟ್ಟೆಯನ್ನು ಮಗುವಿನ ಮುಂದಿಟ್ಟು, ದಾದಿ ಚಮಚ ಹಿಡಿದು ಪಕ್ಕದಲ್ಲಿ ಸುಮ್ಮನೆ ಕೂರಬೇಕು. ಮಗು ಒಂದು ಬಟ್ಟಲಿನ ಕಡೆ ಕೈ ಚಾಚಿದರೆ ಅಥವಾ ಬೊಟ್ಟು ಮಾಡಿದರೆ ಮಾತ್ರ ಅದರಿಂದ ಒಂದು ಚಮಚ ತೆಗೆಯಬೇಕು, ಮಗು ತಾನಾಗಿ ಬಾಯಿ ತೆರೆದರೆ ಮಾತ್ರ ಒಳಗಿಡಬೇಕು. ಮಗು ಕೈಯಲ್ಲಿ ತಿಂದರೆ ತಿನ್ನಲಿ, ಚೆಲ್ಲಿದರೆ ಚೆಲ್ಲಲಿ, ತಿದ್ದಕೂಡದು. ಭೇಷ್ ಅನ್ನುವಂತಿಲ್ಲ, ಅಯ್ಯೋ ಅನ್ನುವಂತಿಲ್ಲ. ‘ಇದು ನೋಡು ಪುಟ್ಟಾ, ಎಷ್ಟು ಚೆನ್ನಾಗಿದೆ’ ಅನ್ನುವಂತಿಲ್ಲ. ಮುಖದಲ್ಲೂ ಏನೂ ಕಾಣಿಸಬಾರದು. ಮಗು ತಿನ್ನುವುದು ನಿಲ್ಲಿಸಿದ ಮೇಲೆ ತಟ್ಟೆ ಎತ್ತಿಬಿಡಬೇಕು. ತಿಂದದ್ದು, ಉಳಿದದ್ದು, ಚೆಲ್ಲಿದ್ದು ಎಲ್ಲವನ್ನೂ ತೂಗಿ ಬರೆದಿಡಬೇಕು. ಹೀಗೆ ಬರೆದಿಟ್ಟ ಊಟಗಳ ಸಂಖ್ಯೆ 36 ಸಾವಿರಕ್ಕೂ ಮೇಲೆ.

ಕೂಸುಗಳು ಏನು ಮಾಡಿದವು? ಮೊದಲ ಕೆಲವು ಊಟಗಳಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಂಡವು. ಚಮಚ, ತಟ್ಟೆಯ ಅಂಚು, ಕಾಗದ ಎಲ್ಲದರ ರುಚಿಯನ್ನೂ ನೋಡಿದವು. ಕೆಲವನ್ನು ಥೂ ಅಂತ ಉಗಿದವು. ಸ್ವಲ್ಪ ದಿನದಲ್ಲೇ ಪ್ರತಿ ಮಗುವಿಗೂ ತನ್ನದೇ ಆದ ಇಷ್ಟಗಳು ಮೂಡಿದವು, ಒಂದರ ಊಟದಂತೆ ಇನ್ನೊಂದರದ್ದಿಲ್ಲ. ಉಪ್ಪಿನದ್ದು ಬಹಳ ತಮಾಷೆ: ಬಾಯಿಗೆ ಹಾಕಿಕೊಂಡು ಕೆಮ್ಮಿ, ಕಣ್ಣೀರು ಸುರಿಸಿ ಅತ್ತರೂ ಉಗುಳದೆ, ಮತ್ತೆ ಅದೇ ಬಟ್ಟಲಿಗೆ ಕೈ ಹಾಕುತ್ತಿದ್ದವು. ಅಷ್ಟೂ ಆಹಾರಗಳನ್ನು ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಒಮ್ಮೆಯಾದರೂ ರುಚಿ ನೋಡಿದವು. ಇಬ್ಬರು ಮಾತ್ರ ಲೆಟಿಸ್ ಮುಟ್ಟಲಿಲ್ಲ, ಒಬ್ಬ ಪಾಲಕ್ ಮುಟ್ಟಲಿಲ್ಲ. ನ್ಯೂಯಾರ್ಕರ್ ಚಿತ್ರದ ಹುಡುಗಿಗೆ ಒಬ್ಬ ಜತೆಗಾರನಾದರೂ ಸಿಕ್ಕ ಅನ್ನಿ :)

ಊಟಗಳೂ ವಿಚಿತ್ರ. ಬೆಳಗಿನ ತಿಂಡಿಗೆ ಒಂದಿಷ್ಟು ಲಿವರ್, ಮೇಲೆ ಅರ್ಧ ಲೀಟರಿನಷ್ಟು ಕಿತ್ತಳೆ ರಸ. ರಾತ್ರಿಗೆ ಮೊಟ್ಟೆಯ ಮೇಲೆ ಮೊಟ್ಟೆ, ಬಾಳೆಹಣ್ಣು, ಹಾಲು. ಕೆಲವು ದಿನ ಬರೀ ಮೊಟ್ಟೆಯ ಹುಚ್ಚು, ಇನ್ನು ಕೆಲವು ದಿನ ಬರೀ ಮಾಂಸದ ಹುಚ್ಚು, ಮತ್ತೆ ತಾನಾಗಿ ಇಳಿಯುತ್ತಿತ್ತು. ನಾಲ್ಕು ದಿನ ಸತತವಾಗಿ ಮೊಸರನ್ನ ಬಿಟ್ಟು ಬೇರೇನೂ ಮುಟ್ಟದ ಮಗುವನ್ನು ಕಂಡವರಿಗೆ ಇದು ಹೊಸದಲ್ಲ. ಆದರೆ ಅಂಥ ದಿನಗಳನ್ನು ಯಾರೂ ಅಡ್ಡಿ ಮಾಡದೆ ಬರೆದಿಟ್ಟದ್ದು ಬಹುಶಃ ಅದೇ ಮೊದಲು.

ರಿಕೆಟ್ಸ್ ಇದ್ದ ಒಬ್ಬ ಹುಡುಗನ ಕಥೆ ಪ್ರಸಿದ್ಧ. ಅವನ ತಟ್ಟೆಯಲ್ಲಿ ಕಾಡ್ ಮೀನಿನ ಎಣ್ಣೆಯ ಒಂದು ಪುಟ್ಟ ಲೋಟ ಇಟ್ಟಿದ್ದರು. ಕುಡಿ ಅಂತ ಯಾರೂ ಹೇಳಲಿಲ್ಲ. ವಾಸನೆಗೇ ವಾಕರಿಕೆ ಬರುವ ಎಣ್ಣೆ ಅದು. ಹುಡುಗ ಒಂದು ದಿನ ಸ್ವಲ್ಪ, ಇನ್ನೊಂದು ದಿನ ಜಾಸ್ತಿ, ಹೀಗೆ ತನಗೆ ಬೇಕೆನಿಸಿದಂತೆ ಕುಡಿದ. ಎಕ್ಸ್‌ರೇಯಲ್ಲಿ ಎಲುಬು ನೆಟ್ಟಗಾಗಿ, ರಕ್ತಪರೀಕ್ಷೆ ಸರಿಬಂದ ಹೊತ್ತಿಗೆ ಆ ಲೋಟ ಮುಟ್ಟುವುದನ್ನೇ ಬಿಟ್ಟ. ಓದಿದಾಗ ಮೈ ಜುಮ್ಮೆನ್ನುತ್ತದೆ ನಿಜ. ಆದರೆ ಒಬ್ಬ ಹುಡುಗನ ಕಥೆಯಿಂದ ‘ಮಗುವಿನ ದೇಹಕ್ಕೆ ಎಲ್ಲ ಗೊತ್ತು’ ಎಂಬ ತೀರ್ಮಾನಕ್ಕೆ ಜಿಗಿಯುವುದು ನನಗೆ ಒಪ್ಪಿಗೆಯಿಲ್ಲ. 1991ರಲ್ಲಿ ಬೆನೆಟ್ ಗೇಲೆಫ್ ಎಂಬ ವಿಜ್ಞಾನಿ ದೇಹದ ಈ ಜಾಣತನದ ನಂಬಿಕೆಯನ್ನೇ ಹಿಡಿದು ಜಗ್ಗಿ ನೋಡಿ ಒಂದು ದೀರ್ಘ ಲೇಖನ ಬರೆದಿದ್ದಾರೆ. ಡೇವಿಸರ ಪ್ರಯೋಗವೂ ಆ ಪರೀಕ್ಷೆಯಲ್ಲಿ ಪೂರ್ತಿ ಗೆಲ್ಲುವುದಿಲ್ಲ.

ಅಂತೂ ಮಕ್ಕಳು ಚೆನ್ನಾಗಿ ಬೆಳೆದವು. ಬಡಕಲಾಗಿದ್ದವು ಮೈ ತುಂಬಿಕೊಂಡವು, ರಿಕೆಟ್ಸ್ ಇದ್ದವು ಗುಣವಾದವು, ಮಲಬದ್ಧತೆಯ ಮಾತೇ ಇರಲಿಲ್ಲ. 1939ರಲ್ಲಿ ಕೆನಡಾದ ವೈದ್ಯರ ಸಮ್ಮೇಳನದಲ್ಲಿ ಡೇವಿಸ್ ಇದನ್ನೆಲ್ಲ ವಿವರಿಸಿ, ಕೊನೆಗೆ ತಾವೇ ಗುಟ್ಟು ಬಿಟ್ಟುಕೊಟ್ಟರು. ಗುಟ್ಟು ಇದ್ದದ್ದು ಆಹಾರದ ಪಟ್ಟಿಯಲ್ಲಿ. ತಟ್ಟೆಯಲ್ಲಿದ್ದದ್ದೆಲ್ಲ ತಾಜಾ, ಸತ್ವವುಳ್ಳ, ಹೊಲ-ಹಟ್ಟಿಯಿಂದ ನೇರ ಬಂದ ಆಹಾರ. ಅದರಲ್ಲಿ ಹೇಗೆ ಆರಿಸಿಕೊಂಡರೂ ದೊಡ್ಡ ತಪ್ಪಾಗುವ ಹಾಗೇ ಇರಲಿಲ್ಲ. ಮಗುವಿನ ಹಸಿವಿಗೆ ತನ್ನ ಜಾಣತನ ತೋರಿಸಲು ಅವಕಾಶವಾದದ್ದು ದೊಡ್ಡವರು ಆ 34ನ್ನು ಜಾಣತನದಿಂದ ಆರಿಸಿದ್ದರಿಂದ.

ಆಕೆಗೆ ಇನ್ನೊಂದು ಪ್ರಯೋಗ ಮಾಡುವ ಆಸೆಯಿತ್ತು. ಈ ಸಲ ತಟ್ಟೆಯಲ್ಲಿ ಕಾರ್ಖಾನೆಯಿಂದ ಬಂದ ಸಂಸ್ಕರಿಸಿದ ಆಹಾರಗಳು. ಆಗ ಕೂಸುಗಳು ಏನು ಆರಿಸುತ್ತವೆ? ಆದರೆ 1929ರ ನಂತರದ ಮಹಾ ಆರ್ಥಿಕ ಕುಸಿತದಲ್ಲಿ ದುಡ್ಡು ಹುಟ್ಟಲಿಲ್ಲ, ಆ ಪ್ರಯೋಗ ನಡೆಯಲೇ ಇಲ್ಲ. ಸಾವಿರಾರು ಊಟಗಳ ಲೆಕ್ಕವೂ ಪೂರ್ತಿಯಾಗಿ ಅಚ್ಚಾಗಲಿಲ್ಲ. 1959ರಲ್ಲಿ ಆಕೆ ತೀರಿಕೊಂಡರು. ಹಾಂ, ಒಂದು ವಿಷಯ ಬಿಟ್ಟುಹೋಯಿತು: ಮೊದಲ ಮೂರು ಕೂಸುಗಳಲ್ಲಿ ಇಬ್ಬರನ್ನು ಆಕೆಯೇ ದತ್ತು ತೆಗೆದುಕೊಂಡು ಸಾಕಿದರು.

ಮುಂದೆ ನಡೆದದ್ದು ಅರ್ಧ ನೆನಪು, ಅರ್ಧ ಮರೆವಿನ ಕಥೆ. 1946ರಲ್ಲಿ ಬೆಂಜಮಿನ್ ಸ್ಪಾಕ್ ಅವರ ಮಕ್ಕಳ ಪಾಲನೆಯ ಪುಸ್ತಕ ಬಂತು. ಅದರಲ್ಲಿ ಅವರು ಡೇವಿಸರ ಪ್ರಯೋಗವನ್ನು ವಿವರಿಸಿದ್ದಾರೆ. ಕೋಟಿಗಟ್ಟಲೆ ಮಾರಾಟವಾದ ಆ ಪುಸ್ತಕದಿಂದ ಮನೆಮನೆಗೆ ತಲುಪಿದ ಸಂದೇಶ, ಮಗುವಿಗೆ ತನ್ನ ಹಸಿವು ಗೊತ್ತು, ಬಲವಂತ ಬೇಡ ಎಂಬುದು. ಉಪವಾಸ ಕೆಡವುವ ಸಲಹೆಗಿಂತ ಇದು ಸಾವಿರ ಪಾಲು ಮೇಲು, ಸಂಶಯವಿಲ್ಲ. ಆದರೆ ತಟ್ಟೆಗೆ ಏನು ಬರಬೇಕೆಂದು ನಿರ್ಧರಿಸಿದವರು ದೊಡ್ಡವರು ಎನ್ನುವ ಇನ್ನರ್ಧ ಮಾತು ಎಷ್ಟು ಮನೆಗಳಲ್ಲಿ ಉಳಿಯಿತು? 1952ರಲ್ಲಿ ಕೆಲಾಗ್ ಕಂಪನಿ ಸಕ್ಕರೆ ಲೇಪಿಸಿದ ಕಾರ್ನ್‌ಫ್ಲೇಕ್ಸನ್ನು ಹುಲಿಯ ಚಿತ್ರದ ಡಬ್ಬಿಯಲ್ಲಿ ಪೇಟೆಗೆ ತಂದಿತು. ಡೇವಿಸರಿಗೆ ಮಾಡಲಾಗದ ಎರಡನೇ ಪ್ರಯೋಗವನ್ನು ಮಾರುಕಟ್ಟೆ ಮಾಡಿತು, ಹದಿನೈದು ಕೂಸುಗಳ ಮೇಲಲ್ಲ, ಇಡೀ ದೇಶದ ಮಕ್ಕಳ ಮೇಲೆ. ಈಗ ನಮ್ಮ ಬೀದಿ ಕೊನೆಯ ಅಂಗಡಿಯಲ್ಲೂ ಆ ತಟ್ಟೆ ತೂಗುಹಾಕಿದೆ, ಐದೈದು ರೂಪಾಯಿಯ ಪೊಟ್ಟಣಗಳಾಗಿ.

ಇನ್ನೊಂದು ಕಡೆ ‘ತಟ್ಟೆ ಖಾಲಿ ಮಾಡು’ ಎನ್ನುವ ಹಳೆಯ ಮಂತ್ರ. ಇದಕ್ಕೂ ಅಮೆರಿಕದಲ್ಲಿ ಸರ್ಕಾರದ ಮುದ್ರೆ ಇತ್ತು. 1917ರಲ್ಲಿ, ಮೊದಲ ಮಹಾಯುದ್ಧದ ಹೊತ್ತಿಗೆ, ಹರ್ಬರ್ಟ್ ಹೂವರ್ ಅವರ ಆಹಾರ ಇಲಾಖೆ ಅನ್ನ ಚೆಲ್ಲಬೇಡಿ ಎಂದು ಪ್ರಚಾರ ಮಾಡಿತು, ಮಕ್ಕಳಿಂದ ಪ್ರತಿಜ್ಞೆ ಮಾಡಿಸಿತು. ಎರಡನೇ ಯುದ್ಧದ ನಂತರ ಯುರೋಪಿನ ಹಸಿವಿನ ದಿನಗಳಲ್ಲಿ ಇದು ಮತ್ತೆ ಶಾಲೆಗಳಿಗೆ ಬಂತು. ನಮ್ಮಲ್ಲಿ ಪ್ರತಿಜ್ಞೆ ಬೇಕಿರಲಿಲ್ಲ. ಅನ್ನ ದೇವರು, ಎಲೆಯಲ್ಲಿ ಬಿಡಬಾರದು, ಅಷ್ಟೇ. ಬರಗಾಲ ಕಂಡ ಜನ ಆ ಮಾತು ಹೇಳಿದ್ದು ನನಗೆ ಅರ್ಥವಾಗುತ್ತದೆ. ಆದರೆ ಬಡಿಸಿದ್ದು ಅಮ್ಮ, ತಿಂದು ಮುಗಿಸುವ ಹೊಣೆ ಮಗುವಿನದು ಎನ್ನುವ ಲೆಕ್ಕ ಎರಡು ವರ್ಷದ ಕೂಸಿನ ಮಟ್ಟಿಗೆ ಯಾಕೋ ಸರಿಹೋಗುವುದಿಲ್ಲ.

ದಾದಿಯ ಆ ಮೌನ ಇತ್ತಲ್ಲ, ಅದರ ಬೆಲೆಯನ್ನು ತಕ್ಕಡಿಯಲ್ಲಿಟ್ಟು ತೂಗಿದವರು ಲಿಯಾನ್ ಬರ್ಚ್. ಅಮೆರಿಕದ ಇಲಿನಾಯ್, ಆಮೇಲೆ ಪೆನ್ಸಿಲ್ವೇನಿಯಾದ ವಿಶ್ವವಿದ್ಯಾಲಯಗಳಲ್ಲಿದ್ದು ಈ ಒಂದು ವಿಷಯದ ಮೇಲೆ ಜೀವಮಾನ ಸವೆಸಿದ ವಿಜ್ಞಾನಿ ಆಕೆ, 2019ರಲ್ಲಿ ತೀರಿಕೊಂಡರು. 1980ರ ಒಂದು ಪ್ರಯೋಗದಲ್ಲಿ, ಒಂದು ತರಕಾರಿಯನ್ನು ಒಲ್ಲದ ಮಗುವನ್ನು ಅದನ್ನು ಇಷ್ಟಪಡುವ ಮಕ್ಕಳ ಜತೆ ನಾಲ್ಕು ದಿನ ಊಟಕ್ಕೆ ಕೂರಿಸಿದರು. ಯಾರೂ ಏನೂ ಹೇಳದೆ ಮಗುವಿನ ಮನಸ್ಸು ತಿರುಗಿತು. 1984ರಲ್ಲಿ ಇನ್ನೊಂದು: ಇದನ್ನು ಕುಡಿದರೆ ನಿನಗೆ ಬಹುಮಾನ ಎಂದು ಆಸೆ ತೋರಿಸಿ ಮಕ್ಕಳಿಗೆ ಕೆಫಿರ್ ಎಂಬ ಮಜ್ಜಿಗೆಯಂಥ ಪಾನೀಯ ಕುಡಿಸಿದರು. ಮಕ್ಕಳು ಕುಡಿದವು. ಆದರೆ ಆಮೇಲೆ ಆ ಪಾನೀಯ ಅವಕ್ಕೆ ಮೊದಲಿಗಿಂತ ಕಡಿಮೆ ಇಷ್ಟವಾಯಿತು! ಕುಡಿಯಲು ಲಂಚ ಬೇಕು ಅಂದಮೇಲೆ ಇದು ಕೆಟ್ಟದ್ದೇ ಇರಬೇಕು ಎಂಬುದು ಮಗುವಿನ ತರ್ಕ. ಪಲ್ಯ ಮುಗಿಸಿದರೆ ಚಾಕ್ಲೇಟು ಎನ್ನುವ ನಮ್ಮ ವ್ಯಾಪಾರದ ಗತಿಯೂ ಇದೇ. 2006ರಲ್ಲಿ ಆಕೆಯ ತಂಡ ಸೂಪು ಇಟ್ಟುಕೊಂಡು ನೋಡಿದಾಗ, ಮುಗಿಸು ಮುಗಿಸು ಅನ್ನಿಸಿಕೊಂಡ ಮಕ್ಕಳಿಗಿಂತ ಸುಮ್ಮನೆ ಬಿಟ್ಟ ಮಕ್ಕಳೇ ಜಾಸ್ತಿ ಕುಡಿದರು.

ನನಗೆ ಸಮಾಧಾನ ಕೊಟ್ಟದ್ದು 1991ರ ಪ್ರಯೋಗ. ಎರಡರಿಂದ ಐದು ವರ್ಷದ 15 ಮಕ್ಕಳು (ಇಲ್ಲೂ ಹದಿನೈದೇ, ಕಾಕತಾಳೀಯ), ಆರು ದಿನಗಳ ಊಟ. ಒಂದೊಂದು ಹೊತ್ತಿನ ಊಟ ನೋಡಿದರೆ ಭಾರೀ ಏರಿಳಿತ: ಸರಾಸರಿ ಶೇ. 33.6ರಷ್ಟು. ಬೆಳಿಗ್ಗೆ ಗಬಗಬ, ಮಧ್ಯಾಹ್ನ ಉಪವಾಸ. ಆದರೆ ಇಡೀ ದಿನದ ಲೆಕ್ಕ ಕೂಡಿಸಿದರೆ ಏರಿಳಿತ ಶೇ. 10.4 ಮಾತ್ರ. ಒಂದು ಹೊತ್ತು ಬಿಟ್ಟದ್ದನ್ನು ಮಗು ಇನ್ನೊಂದು ಹೊತ್ತಿನಲ್ಲಿ ತುಂಬಿಕೊಂಡಿರುತ್ತದೆ. ನಾವು ಪ್ರತಿ ಹೊತ್ತಿಗೂ ಪರೀಕ್ಷೆ ಇಡುತ್ತೇವೆ, ಮಗು ವಾರ್ಷಿಕ ಫಲಿತಾಂಶ ಕೊಡುತ್ತದೆ.

ಎರಡನೇ ವರ್ಷದಲ್ಲಿ ಹಸಿವು ಇಳಿಯುವುದಕ್ಕೂ ಕಾರಣವಿದೆ. ಹುಟ್ಟಿದಾಗಿನ ತೂಕ ಒಂದು ವರ್ಷಕ್ಕೆ ಮೂರರಷ್ಟಾಗುತ್ತದೆ. ಅದೇ ವೇಗದಲ್ಲಿ ಬೆಳೆಯುತ್ತ ಹೋದರೆ ಏನು ಗತಿ! ಮುಂದಿನ ವರ್ಷ ಏರುವುದು ಎರಡೂವರೆ ಕಿಲೋ ಆಸುಪಾಸು. ಬೇಡಿಕೆ ಕಡಿಮೆ, ಹಸಿವೂ ಕಡಿಮೆ. ನಡೆಯಲು ಕಲಿತ ಅದೇ ಹೊತ್ತಿಗೆ ಹೊಸ ಆಹಾರ ಕಂಡರೆ ಅನುಮಾನವೂ ಶುರುವಾಗುತ್ತದೆ. ಹೊರಗೆ ಓಡಾಡುವ ಕೂಸು ಕಂಡಕಂಡ ಕಾಯಿ ಬಾಯಿಗಿಟ್ಟುಕೊಳ್ಳದಿರಲಿ ಎಂದು ಪ್ರಕೃತಿ ಹಾಕಿದ ಬೇಲಿ ಅದು ಅಂತ ಬಹಳ ವಿಜ್ಞಾನಿಗಳ ಊಹೆ. ಬ್ರಿಟನ್ನಿನಲ್ಲಿ 5,390 ಅವಳಿ ಜೋಡಿಗಳನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಮಕ್ಕಳ ನಡುವೆ ಈ ಅನುಮಾನದಲ್ಲಿ ಕಾಣುವ ಹೆಚ್ಚುಕಡಿಮೆಗೆ ಶೇ. 78ರಷ್ಟು ಕಾರಣ ವಂಶವಾಹಿ. ‘ಇವನು ಥೇಟ್ ಅವರಪ್ಪನ ಥರ’ ಎಂದು ಅತ್ತೆಯರು ಹೇಳುವುದು ಬರೀ ಕೊಂಕಲ್ಲ ಅಂತಾಯಿತು.

1980ರ ದಶಕದಲ್ಲಿ ಎಲಿನ್ ಸ್ಯಾಟರ್ ಎಂಬ ಆಹಾರತಜ್ಞೆ ಇದನ್ನೆಲ್ಲ ಒಂದು ಕರಾರಿನ ರೂಪಕ್ಕೆ ತಂದರು. ಏನು, ಯಾವಾಗ, ಎಲ್ಲಿ ಬಡಿಸಬೇಕು ಎನ್ನುವುದು ಅಪ್ಪ ಅಮ್ಮನ ಕೆಲಸ. ತಿನ್ನಬೇಕೋ ಬೇಡವೋ, ತಿಂದರೆ ಎಷ್ಟು ಎನ್ನುವುದು ಮಗುವಿನ ಕೆಲಸ. ಡೇವಿಸರ ತಟ್ಟೆ ಮತ್ತು ದಾದಿಯ ಮೌನ, ಎರಡೂ ಇದರಲ್ಲಿ ಮತ್ತೆ ಒಂದಾಗಿವೆ. ಹೇಳಲು ಸುಲಭ. ದಾದಿಯ ಸಂಬಳಕ್ಕೂ ಆ ಮಗು ತಿನ್ನುವುದಕ್ಕೂ ಸಂಬಂಧವಿರಲಿಲ್ಲ, ಅವಳ ಎದೆಯಲ್ಲಿ ಹೆತ್ತ ಸಂಕಟವಿರಲಿಲ್ಲ, ಪಕ್ಕದಲ್ಲಿ ‘ಮಗು ಸೊರಗಿದೆಯಲ್ಲೇ’ ಅನ್ನುವ ಅತ್ತೆಯೂ ಇರಲಿಲ್ಲ. ತಾಯಿಗೆ ಆ ಮೌನ ಬರುವುದು ಕಷ್ಟ. ಅದನ್ನು ಪುಸ್ತಕ ಬರೆಯುವವರು ಸ್ವಲ್ಪ ಒಪ್ಪಿಕೊಳ್ಳಬೇಕು.

ಎಲ್ಲವನ್ನೂ ಹಟ ಎಂದೂ ತಳ್ಳಿಹಾಕುವಂತಿಲ್ಲ. ತೂಕ ಇಳಿಯುತ್ತಿರುವ, ನುಂಗಲು ಒದ್ದಾಡುವ, ಎರಡು ಮೂರು ಪದಾರ್ಥ ಬಿಟ್ಟು ಬೇರೇನೂ ಸೇರದ ಮಕ್ಕಳಿರುತ್ತಾರೆ. ಅದರ ಗಂಭೀರ ರೂಪಕ್ಕೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 2013ರಿಂದ ಬೇರೆಯದೇ ಹೆಸರಿದೆ. ಅಂಥವರನ್ನು ಡಾಕ್ಟರಿಗೆ ತೋರಿಸಲೇಬೇಕು.

ನಮ್ಮ ಕಡೆಯ ಇನ್ನೊಂದು ಸತ್ಯ ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67.1ರಷ್ಟು ಮಂದಿಗೆ ರಕ್ತಹೀನತೆ, ಕರ್ನಾಟಕದಲ್ಲಿ ಶೇ. 65.5. ಇವರೆಲ್ಲ ತುತ್ತು ಒಲ್ಲದ ಮಕ್ಕಳೇ? ಅಲ್ಲ. ಎಷ್ಟೋ ಮನೆಗಳಲ್ಲಿ ತಟ್ಟೆಗೆ ಬರುವುದೇ ಅನ್ನ ಮತ್ತು ತಿಳಿಸಾರು. ಮಗು ಆರಿಸಿಕೊಳ್ಳಬೇಕಾದರೆ ಆರಿಸಲು ಏನಾದರೂ ಇರಬೇಕಲ್ಲ. ಡೇವಿಸರ ಪಟ್ಟಿಯನ್ನು ಇಲ್ಲಿಟ್ಟು ಓದಿದಾಗ ನನಗೆ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ. ಗತಿಯಿಲ್ಲದ ತಾಯಂದಿರ ಆ ಕೂಸುಗಳಿಗೆ ಪ್ರಯೋಗದ ನೆಪದಲ್ಲಾದರೂ ಸಿಕ್ಕಿದ ತಟ್ಟೆ, ನಮ್ಮ ಎಷ್ಟು ಅಂಗನವಾಡಿಗಳಲ್ಲಿ ಸಿಕ್ಕೀತು?

2021ರ ಡಿಸೆಂಬರಿನಲ್ಲಿ ಕರ್ನಾಟಕ ಸರ್ಕಾರ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜತೆ ಮೊಟ್ಟೆ ಕೊಡಲು ಶುರುಮಾಡಿತು, ಬೇಡವೆಂದವರಿಗೆ ಬಾಳೆಹಣ್ಣು. ಇವರು ಕೂಸುಗಳಲ್ಲ, ಶಾಲೆಗೆ ಹೋಗುವ ಮಕ್ಕಳು. ಇದ್ದದ್ದೂ 34 ಬಟ್ಟಲಲ್ಲ, ಎರಡು. ಕೊಡಬೇಕೋ ಬೇಡವೋ ಎಂದು ಮಠಗಳ ಸ್ವಾಮಿಗಳು, ರಾಜಕಾರಣಿಗಳು, ಟೀವಿಯವರು ಸೇರಿ ವಾರಗಟ್ಟಲೆ ವಾದ ಮಾಡಿದರು. ಮಕ್ಕಳು ತಟ್ಟೆ ಹಿಡಿದು ಸಾಲಿನಲ್ಲಿ ನಿಂತು, ತಮಗೆ ಬೇಕಾದ್ದನ್ನು ತೆಗೆದುಕೊಂಡು ಹೋಗಿ ತಿಂದರು.